ಗುಲಾಬಿ ಹೆಬ್ಬೆರಳು

ನನ್ನ ಪ್ಯಾಂಟಿನ ಬಲಗಡೆ ಜೇಬಿನಲ್ಲಿ ಬೀಗದ ಕೈ ಗೊಂಚಲಿನ ಜೊತೆ ಇನ್ನೊಂದು ವಸ್ತು ಯಾವಾಗಲೂ ಇರುತ್ತದೆ. ಪ್ಲಾಸ್ಟಿಕ್ಕಿನ ಹೆಬ್ಬೆರಳು. ಪೂರ್ತಿ ಬೆರಳಲ್ಲ, ತುದಿ ಮಾತ್ರ. ಒಳಗೆ ಟೊಳ್ಳು. ಉಗುರಿದೆ, ಗೆಣ್ಣಿನ ಹತ್ತಿರ ಒಂದೆರಡು ಸುಕ್ಕೂ ಇವೆ. ಮಗುವಿನ ತಲೆಗೆ ಕುಲಾವಿ ಹಾಕಿದ ಹಾಗೆ ನನ್ನ ಹೆಬ್ಬೆರಳ ಮೇಲೆ ಕೂರುತ್ತದೆ. ಬಣ್ಣ ಮಾತ್ರ ಗುಲಾಬಿ. ನನ್ನ ಕೈ ರಾಗಿ ಬಣ್ಣದ್ದು.

ಜಾದೂ ಮಾಡುವವರು ಇದನ್ನು ಥಂಬ್ ಟಿಪ್ ಅನ್ನುತ್ತಾರೆ. ಸಣ್ಣ ವಸ್ತುವನ್ನು ಇದರ ಟೊಳ್ಳಿನೊಳಗೆ ಅಡಗಿಸಿ ಮಾಯವಾದ ಹಾಗೆ ತೋರಿಸುತ್ತಾರೆ. ಪಕ್ಕದಲ್ಲೇ ಕೂತವರ ಎದುರು, ಒಂದು ಮೊಳ ದೂರದಲ್ಲಿ ಮಾಡುವ ಜಾದೂವಿನಲ್ಲಿ ಇದರಷ್ಟು ಕೆಲಸ ಮಾಡುವ ಐಟಂ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ನೂರು ವರ್ಷಕ್ಕೂ ಹಳೆಯದು. ಹಿಂದೆ ತಗಡಿನಲ್ಲಿ ಮಾಡಿ ಮೇಲೆ ಬಣ್ಣ ಬಳಿಯುತ್ತಿದ್ದರು. ಈಗ ಮೆತ್ತನೆಯ ವಿನೈಲ್ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ.

ಗುಟ್ಟನ್ನು ಹೀಗೆ ಬಯಲಲ್ಲಿ ಹೇಳಬಹುದಾ ಎಂದು ಕೇಳುವವರು ಇದ್ದಾರೆ. ಕೇಳುವುದು ಸರಿಯೇ. ಬೇರೊಬ್ಬರ ಹೊಟ್ಟೆಪಾಡಿನ ಗುಟ್ಟನ್ನು ಸುಮ್ನೆ ಹೊರಗೆ ಹಾಕುವುದು ನನಗೂ ಇಷ್ಟವಿಲ್ಲ. ಆದರೆ ಮಕ್ಕಳಿಗೆಂದು ಮಾರುವ ಜಾದೂ ಪೆಟ್ಟಿಗೆಯಲ್ಲಿ, ಹೇಗೆ ಮಾಡಬೇಕು ಎಂಬ ಚೀಟಿಯ ಸಮೇತ, ಈ ಹೆಬ್ಬೆರಳು ಸಿಗುತ್ತದೆ. ಜಾತ್ರೆಯಲ್ಲೂ ಸಿಗುತ್ತದೆ. ಇಷ್ಟು ಬಯಲಾದ ಮೇಲೂ ಅದು ಇವತ್ತಿಗೂ ಕೆಲಸ ಮಾಡುತ್ತದಲ್ಲ, ನನಗೆ ಬೆರಗು ಅದು. ಅದರ ಬಗ್ಗೆ ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದು ಒಬ್ಬ ಅಜ್ಜಿಯ ವಿಷಯ. ಆಮೇಲೆ ಬರುತ್ತೇನೆ.

ನಾನು ಇದನ್ನು ಮೊದಲು ನೋಡಿದ್ದು ಮೈಸೂರಿನಲ್ಲಿ, ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ. ಆಗ ನನಗೆ ಹನ್ನೊಂದು ವರ್ಷ. ಹಪ್ಪಳದ ಅಂಗಡಿ, ಜಯಂಟ್ ವ್ಹೀಲ್ ಎಲ್ಲ ದಾಟಿ ಬಂದರೆ ಒಂದು ಮಡಚುವ ಮೇಜು. ಹಿಂದೆ ಒಬ್ಬ ಮನುಷ್ಯ ನಿಂತಿದ್ದ. ಅರ್ಧ ತೋಳಿನ ಅಂಗಿ. ಎಡಗೈ ಮುಷ್ಟಿ ಮಾಡಿದ. ಕೆಂಪು ರೇಷ್ಮೆ ಕರ್ಚೀಫನ್ನು ಅದರೊಳಗೆ ಸ್ವಲ್ಪ ಸ್ವಲ್ಪವೇ ತುರುಕಿದ. ಕೊನೆಯ ಚೂರನ್ನು ಹೆಬ್ಬೆರಳಿನಿಂದ ಒತ್ತಿದ. ಮುಷ್ಟಿಗೆ ಒಮ್ಮೆ ಊದಿದ. ಬಿಚ್ಚಿದರೆ ಕೈ ಖಾಲಿ. ಬಲಗೈಯೂ ಖಾಲಿ. ಎರಡೂ ಕೈ ನನ್ನ ಮೂಗಿನ ಹತ್ತಿರವೇ ಇದ್ದವು. ಅವನ ಅಂಗೈಯ ಬೆವರು ಕಾಣುತ್ತಿತ್ತು. ಕರ್ಚೀಫು ಇರಲಿಲ್ಲ.

ಸಿನಿಮಾದಲ್ಲಿ ಮನುಷ್ಯರು ಮಾಯವಾಗುವುದನ್ನು ನೋಡಿದ್ದೆ. ಅದು ದೂರದ ವಿಷಯ. ಇದು ಹಾಗಲ್ಲ. ನಾನು ಕೈಚಾಚಿ ಮುಟ್ಟಬಹುದಾದ ಜಾಗದಲ್ಲಿ ಒಂದು ವಸ್ತು ಇಲ್ಲವಾಗಿತ್ತು. ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ ಆಯಿತು. ಆಟಿಕೆಗೆಂದು ಅಪ್ಪ ಕೊಟ್ಟಿದ್ದ ದುಡ್ಡು ಅಷ್ಟನ್ನೂ ಕೊಟ್ಟು ಕೊಂಡುಕೊಂಡೆ.

ಚಿಕ್ಕಮ್ಮನ ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ಗುಲಾಬಿ ಬಣ್ಣದ ಟೊಳ್ಳು ಹೆಬ್ಬೆರಳು ಹಾಸಿಗೆಯ ಮೇಲೆ ಬಿತ್ತು. ಅಳು ಬಂತು. ಇಷ್ಟೇನಾ? ಇದನ್ನು ಕೊಂಡ ಪ್ರತಿಯೊಬ್ಬರಿಗೂ ಈ ಗಳಿಗೆ ಬಂದೇ ಬರುತ್ತದೆ. ಮುಕ್ಕಾಲು ಪಾಲು ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆ ಬೆರಳು ಯಾವುದೋ ಡ್ರಾಯರಿನ ಮೂಲೆ ಸೇರುತ್ತದೆ. ನಾನೂ ಬಿಡುತ್ತಿದ್ದೆ. ಬಿಡುವ ಮುಂಚೆ ಒಮ್ಮೆ ಚಿಕ್ಕಮ್ಮನಿಗೆ ತೋರಿಸಿದೆ. ಅವರು ಕರ್ಚೀಫು ನೋಡಲೇ ಇಲ್ಲ. "ಬೆರಳಿಗೆ ಏನೋ ಮಾಡ್ಕೊಂಡಿದ್ದೀಯಲ್ಲೋ, ಗಾಯ ಆಯ್ತಾ?" ಎಂದು ನನ್ನ ಕೈ ಹಿಡಿದರು.

ಅವರಿಗೆ ಹೇಗೆ ಗೊತ್ತಾಯಿತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಸ್ತು ಅದೇ. ಆ ಮನುಷ್ಯನ ಕೈಯಲ್ಲಿ ಅದು ನನಗೆ ಕಾಣಲಿಲ್ಲ. ನನ್ನ ಕೈಯಲ್ಲಿ ಅದು ಚಿಕ್ಕಮ್ಮನಿಗೆ ಬಾಗಿಲಿನಿಂದಲೇ ಕಂಡಿತು.

ಉತ್ತರ ಸಿಕ್ಕಿದ್ದು ಹತ್ತು ವರ್ಷದ ಮೇಲೆ, ಬೆಂಗಳೂರಿನಲ್ಲಿ. ಶಾಲೆಗಳಲ್ಲಿ ಜಾದೂ ಕಾರ್ಯಕ್ರಮ ಕೊಡುತ್ತಿದ್ದ ಹಿರಿಯರೊಬ್ಬರ ಪರಿಚಯವಾಯಿತು. ಅವರ ಮುಂದೆ ಮಾಡಿ ತೋರಿಸಿದೆ. ಅವರು ನನ್ನ ಕೈ ನೋಡಲಿಲ್ಲ, ಮುಖ ನೋಡುತ್ತಿದ್ದರು. "ನೀನು ನಿನ್ನ ಹೆಬ್ಬೆರಳನ್ನೇ ನೋಡ್ತಾ ಇದ್ದೀಯ ಕಣಪ್ಪಾ" ಅಂದರು. "ನೀನು ಎಲ್ಲಿ ನೋಡ್ತೀಯೋ ಅವರೂ ಅಲ್ಲೇ ನೋಡ್ತಾರೆ. ಮೊದಲು ನೀನು ಅದನ್ನ ಮರೆತುಬಿಡು."

ಮರೆಯುವುದಕ್ಕೆ ಅವರು ಕೊಟ್ಟ ಅಭ್ಯಾಸ ಹೀಗಿತ್ತು. ಒಂದು ವಾರ ಜಾದೂ ಮಾಡಬಾರದು. ಬೆರಳನ್ನು ಹಾಕಿಕೊಂಡು ಓಡಾಡಬೇಕು, ಅಷ್ಟೇ. ಹಾಲು ತರಬೇಕು, ಬಸ್ಸಿನಲ್ಲಿ ಟಿಕೆಟ್ ತಗೋಬೇಕು, ಪೇಪರ್ ಓದಬೇಕು, ಚಿಲ್ಲರೆ ಎಣಿಸಬೇಕು.

ಮೊದಲ ದಿನ ಕಂಡಕ್ಟರಿಗೆ ದುಡ್ಡು ಕೊಡುವಾಗ ಕೈ ನಡುಗಿತು. ಇಡೀ ಬಸ್ಸು ನನ್ನ ಗುಲಾಬಿ ಹೆಬ್ಬೆರಳನ್ನೇ ನೋಡುತ್ತಿದೆ ಅನಿಸಿತು. ಯಾರೂ ನೋಡಲಿಲ್ಲ. ಎರಡನೇ ದಿನ ಹಾಲಿನ ಅಂಗಡಿಯವರು ಚಿಲ್ಲರೆಯನ್ನು ಸರಿಯಾಗಿ ಆ ಬೆರಳ ಪಕ್ಕದಲ್ಲೇ ಇಟ್ಟರು. ನೋಡಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ ಸಾರಿನೊಳಗೆ ಬೆರಳದ್ದಿದ ಮೇಲೆ ನನಗೆ ನೆನಪಾಯಿತು, ಅಯ್ಯೋ ಇದನ್ನು ತೆಗೆದಿಲ್ಲ ಅಂತ. ಅವತ್ತು ನನಗೆ ಅವರು ಹೇಳಿದ್ದು ಅರ್ಥವಾಯಿತು. ನಾನು ಮರೆತಿದ್ದೆ. ಇನ್ನು ಆ ಬೆರಳು ಯಾರಿಗೂ ಕಾಣುವುದಿಲ್ಲ.

ಕೈಯ ಕೆಲಸವೂ ಸ್ವಲ್ಪ ಇದೆ. ಹೆಬ್ಬೆರಳನ್ನು ಅಡ್ಡಡ್ಡವಾಗಿ ತೋರಿಸಬಾರದು. ಬೆರಳ ತುದಿಗಳು ನೋಡುವವರ ಕಡೆಗೇ ಇರಬೇಕು. ಆಗ ಹೆಬ್ಬೆರಳಿನ ಉದ್ದ ಕಾಣುವುದಿಲ್ಲ, ಒಂದು ಚುಕ್ಕಿಯಷ್ಟು ಮಾತ್ರ ಕಾಣುತ್ತದೆ. ಕೈ ಒಂದೇ ಕಡೆ ನಿಲ್ಲಬಾರದು, ಮಾತಿನ ಜೊತೆ ಆಡುತ್ತಿರಬೇಕು. ಕರ್ಚೀಫು ಒಂಬತ್ತು ಇಂಚಿನ ಚೌಕಕ್ಕಿಂತ ದೊಡ್ಡದಾದರೆ ಒಳಗೆ ಹಿಡಿಸುವುದು ಕಷ್ಟ. ಇದೆಲ್ಲ ಒಂದು ತಿಂಗಳಲ್ಲಿ ಬಂದುಬಿಡುತ್ತದೆ. ಆಟದ ನಡುವೆಯೂ ಬೆರಳನ್ನು ಮರೆಯುವುದು ಅಷ್ಟರಲ್ಲಿ ಬರುವುದಿಲ್ಲ. ಅದಕ್ಕೆ ಜಾಸ್ತಿ ದಿನ ಬೇಕು.

ಬಣ್ಣದ ವಿಷಯ ಹೇಳಬೇಕು. ಜಾದೂ ಅಂಗಡಿಗಳಲ್ಲಿ ತುಂಬ ಹೆಸರಿರುವ ಹೆಬ್ಬೆರಳು ಅರ್ಜೆಂಟೀನಾದ ವೆರ್ನೆಟ್ ಕಂಪನಿಯದು. ಒಳ್ಳೆಯ ಮಾಲು, ಮೆತ್ತಗೆ ಕೂರುತ್ತದೆ. ಆದರೆ ನಮ್ಮ ಕಡೆ ಜಾತ್ರೆಯಲ್ಲಿ ಮಾರುವುದರಿಂದ ಹಿಡಿದು ಅಂಗಡಿಯಲ್ಲಿ ನನಗೆ ಸಿಕ್ಕಿದ್ದರ ತನಕ ಮೈಬಣ್ಣ ಅಂದರೆ ಗುಲಾಬಿಯೇ. ಯಾರ ಮೈಬಣ್ಣ? ನಮ್ಮ ಹಾಸನ, ಮಂಡ್ಯದ ಬಿಸಿಲಲ್ಲಿ ಬೆಳೆದ ಯಾವ ಕೈಗೂ ಅದು ಹೊಂದುವುದಿಲ್ಲ. ಎಳೆಯ ವಯಸ್ಸಿನಲ್ಲಿ ನನಗೆ ಇದು ತುಂಬ ನೋವು ಕೊಟ್ಟಿತ್ತು. ಈ ವಿದ್ಯೆ ನಮ್ಮಂಥವರಿಗೆ ಮಾಡಿದ್ದಲ್ಲ ಅನಿಸುತ್ತಿತ್ತು. ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಹಾಕಿದ್ದೇನೆ. ಅಕ್ಕನ ಫೌಂಡೇಷನ್ ಕ್ರೀಮು ಬಳಿದಿದ್ದೇನೆ. ಡಿಕಾಕ್ಷನ್ ಹಿಡಿಯಲಿಲ್ಲ, ಕ್ರೀಮು ರೇಷ್ಮೆಗೆ ಅಂಟಿತು.

ಆಮೇಲೆ ಬಣ್ಣ ಹಚ್ಚುವುದು ಬಿಟ್ಟೆ. ಬಸ್ಸಿನ ಆ ಒಂದು ವಾರವೇ ಉತ್ತರ ಕೊಟ್ಟಿತ್ತು. ಬಣ್ಣ ಹೊಂದದ ಬೆರಳನ್ನೂ ಜನ ನೋಡುವುದಿಲ್ಲ. ಮಾತಾಡುವಾಗ ನಾವು ಎದುರಿನವರ ಮುಖ ನೋಡುತ್ತೇವೆ, ಕಣ್ಣು ನೋಡುತ್ತೇವೆ. ಕೈ ನೋಡಿದರೂ ಕೈಯಲ್ಲಿರುವ ವಸ್ತುವನ್ನು ನೋಡುತ್ತೇವೆ. ಹೆಬ್ಬೆರಳನ್ನು ಯಾರು ನೋಡುತ್ತಾರೆ? ಗಂಟು ಬಿಚ್ಚುವುದು, ತುತ್ತು ಕಲಸುವುದು, ಗುಂಡಿ ಹಾಕುವುದು, ಯಾವುದೂ ಅದಿಲ್ಲದೆ ಆಗುವುದಿಲ್ಲ. ಏಕಲವ್ಯನಿಂದ ದ್ರೋಣ ಕೇಳಿದ್ದು ಅದನ್ನೇ. ಅಷ್ಟು ಕೆಲಸ ಮಾಡುವ ಬೆರಳಿನ ಆಕಾರ ಹೇಗಿದೆ ಅಂತ ಕೇಳಿದರೆ ನಮ್ಮ ಹತ್ತಿರದವರದ್ದನ್ನೂ ಹೇಳಲು ಬರುವುದಿಲ್ಲ.

ಕನ್ನಡದಲ್ಲಿ ಈ ವಿದ್ಯೆಗೆ ಕಣ್ಕಟ್ಟು ಎಂಬ ಮಾತಿದೆ. ತುಂಬ ಚೆಂದದ ಮಾತು. ಆದರೆ ಕಟ್ಟಿಹಾಕುವುದು ಕಣ್ಣನ್ನಾ? 2006ರಲ್ಲಿ ಗುಸ್ತಾವ್ ಕುನ್ ಮತ್ತು ಮೈಕಲ್ ಲ್ಯಾಂಡ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಜಾದೂಗಾರ ಒಂದು ಚೆಂಡನ್ನು ಎರಡು ಸಲ ಮೇಲಕ್ಕೆ ಎಸೆದು ಹಿಡಿಯುತ್ತಾನೆ. ಮೂರನೇ ಸಲ ಎಸೆದ ಹಾಗೆ ಮಾಡುತ್ತಾನೆ, ಚೆಂಡು ಕೈಯಲ್ಲೇ ಉಳಿದಿರುತ್ತದೆ. ಅವನ ನೋಟ ಮಾತ್ರ ಮೇಲಕ್ಕೆ ಹೋಗುತ್ತದೆ. ನೋಡಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ, ಚೆಂಡು ಮೇಲೆ ಹೋಗಿ ಮಾಯವಾಯಿತು, ನಾವೇ ನೋಡಿದೆವು ಅಂದರು. ಅವರ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಯಂತ್ರ ಇಟ್ಟು ಅಳೆದಿದ್ದರು. ಚೆಂಡು ಕಂಡಿತು ಎಂದು ಹೇಳಿದ ಆ ಜಾಗಕ್ಕೆ ಅವರ ಕಣ್ಣು ಹೋಗಿಯೇ ಇರಲಿಲ್ಲ. ಅವರು ನೋಡಿದ್ದು ಜಾದೂಗಾರನ ಮುಖವನ್ನು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮೋಸ ಹೋಗಿರಲಿಲ್ಲ. ಎದುರಿನ ಮನುಷ್ಯನನ್ನು ನಂಬಿ, ಅವನು ನೋಡಿದ ಕಡೆ ಏನೋ ಇದೆ ಅಂತ ಮನಸ್ಸು ತಾನೇ ಚೆಂಡನ್ನು ಮಾಡಿಕೊಂಡಿತ್ತು. ನಾನು ಕರ್ಚೀಫು ಮಾಯ ಮಾಡುವಾಗಲೂ ಅದೇ ಆಗುತ್ತದೆ. ನನ್ನ ಜೇಬಿನಲ್ಲಿರುವುದು ಪ್ಲಾಸ್ಟಿಕ್ ಅಷ್ಟೇ. ಉಳಿದಿದ್ದನ್ನು ನನ್ನ ಎದುರು ಕೂತವರ ನಂಬಿಕೆ ಮಾಡುತ್ತದೆ.

ನಮ್ಮಲ್ಲಿ ಇದು ಹೊಸದೇನಲ್ಲ. ಕ್ಲೋಸ್‌ಅಪ್ ಮ್ಯಾಜಿಕ್ ಎಂಬ ಹೆಸರು ಹೊಸದು. ಸುಡುಗಾಡು ಸಿದ್ಧರ ಕೈಚಳಕ ನಮ್ಮ ಜನಪದ ಕಲೆ. ವೇದಿಕೆ ಇಲ್ಲ, ಪರದೆ ಇಲ್ಲ. ಊರ ನಡುವೆ ನೆಲದ ಮೇಲೆ ಕೂತು, ಸುತ್ತಲೂ ಮಕ್ಕಳು ಮುತ್ತಿಕೊಂಡಿರುವಾಗ ಮಾಡುವ ವಿದ್ಯೆ. ಹಿಂದೆ ಪರದೆ ಇದ್ದವನಿಗೆ ಬೆನ್ನಿನ ಚಿಂತೆ ಇಲ್ಲ. ಇವರಿಗೆ ಬೆನ್ನ ಹಿಂದೆಯೂ ಹತ್ತು ಜೊತೆ ಕಣ್ಣು. ಚಿಕ್ಕಂದಿನಲ್ಲಿ ಅಮ್ಮನ ಊರಿನಲ್ಲಿ ಒಬ್ಬರು ಬಟ್ಟಲು ಮಗುಚಿ ಬಟ್ಟೆಯ ಉಂಡೆಗಳನ್ನು ಮಾಯ ಮಾಡಿದ್ದು ನೆನಪಿದೆ. ಆಡುತ್ತಿದ್ದಷ್ಟು ಹೊತ್ತೂ ಅವರು ನಮ್ಮನ್ನು ಮಾತಾಡಿಸುತ್ತಲೇ ಇದ್ದರು. ಯಾವ ಮಗ, ಯಾರ ಮನೆ, ಊಟ ಆಯ್ತಾ. ನಾವು ಉತ್ತರ ಹೇಳುವಾಗ ಅವರ ಮುಖ ನೋಡುತ್ತಿದ್ದೆವು. ಈಗ ಗೊತ್ತಾಗುತ್ತದೆ.

ಬೆರಳಿನ ಆಟ ಕರ್ಚೀಫಿಗೆ ಮುಗಿಯುವುದಿಲ್ಲ. ಈಗ ಒಳಗೆ ಪುಟ್ಟ ಕೆಂಪು ದೀಪ ಇರುವ ಹೆಬ್ಬೆರಳು ಬಂದಿದೆ. ಒತ್ತಿದರೆ ತುದಿ ಹೊಳೆಯುತ್ತದೆ. ಗಾಳಿಯಿಂದ ಬೆಳಕನ್ನು ಕಿತ್ತು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿದ ಹಾಗೆ ಕಾಣುತ್ತದೆ. ಅಮೆರಿಕದ ಜಾದೂಗಾರ ರಾಕೊ ಅದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಮಕ್ಕಳಿಗೆ ಅದು ತುಂಬ ಇಷ್ಟ. ನನಗೆ ಉಪ್ಪಿನ ಆಟ ಇಷ್ಟ. ಮುಷ್ಟಿಯೊಳಗೆ ಸುರಿದ ಉಪ್ಪು ಇಲ್ಲವಾಗುತ್ತದೆ, ಆಮೇಲೆ ಇನ್ನೊಂದು ಕೈಯಿಂದ ಧಾರೆಯಾಗಿ ಸುರಿಯುತ್ತದೆ. ಜಾದೂಗಾರರ ವಿಶ್ವ ಸ್ಪರ್ಧೆಯಲ್ಲಿ 1950, 1955, 1961, ಮೂರು ಸಲ ಗ್ರ್ಯಾನ್ ಪ್ರಿ ಗೆದ್ದ ಹಾಲೆಂಡಿನ ಫ್ರೆಡ್ ಕ್ಯಾಪ್ಸ್ ಉಪ್ಪು ಸುರಿಸುವುದಕ್ಕೆ ಹೆಸರಾದವರು. ಉಪ್ಪು ಸುರಿಯುತ್ತಲೇ ಇರುತ್ತದೆ, ಅವರೇ ಅದನ್ನು ನೋಡಿ ಗಾಬರಿಯಾದ ಹಾಗೆ ನಿಲ್ಲುತ್ತಾರೆ. ಆ ಮುಖ ನೋಡಬೇಕು.

ಈಗ ಅಜ್ಜಿಯ ವಿಷಯ.

ಅಮ್ಮನ ಊರು ಅರಸೀಕೆರೆ ಕಡೆ. ಹೋದ ವರ್ಷ ಒಂದು ಮದುವೆಗೆ ಹೋಗಿದ್ದೆ. ಮಧ್ಯಾಹ್ನದ ಊಟ ಆದ ಮೇಲೆ ಜಗಲಿಯಲ್ಲಿ ಮಕ್ಕಳು ಕಾಡಿದವು. ಒಳಗಿನಿಂದ ಪುಡಿ ಉಪ್ಪು ತರಿಸಿದೆ. ಎಡಮುಷ್ಟಿಗೆ ಸುರಿದೆ, ಮಾಯ ಮಾಡಿದೆ, ಬಲಗೈಯಿಂದ ಸುರಿಸಿದೆ. ಮಕ್ಕಳು ಕೂಗಿದವು. ಪಕ್ಕದ ಮನೆ ಅಜ್ಜಿ ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು. ಅವಳು ಕೂಗಲಿಲ್ಲ. ಎದ್ದು ಬಂದು, ನೆಲದ ಮೇಲೆ ಬಿದ್ದಿದ್ದ ಉಪ್ಪನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ನನ್ನ ಮೈ ತಣ್ಣಗಾಯಿತು.

"ನಿನ್ನ ಕೈಯಾಗೆ ಏನೋ ಐತೆ ಮಗ" ಅಂದಳು. ತನ್ನ ಬಲಗೈ ನನ್ನ ಮುಂದೆ ಹಿಡಿದಳು. "ನನ್ನ ಹೆಬ್ಬೆಟ್ಟು ಸತ್ತೋಗೈತೆ ಕಣಪ್ಪ. ಸೊಸೈಟಿ ಮಿಷನ್ನು ಹಿಡಿಯಾಕಿಲ್ಲ ಅಂತದೆ. ಮೂರು ಸಲ ಅಕ್ಕಿ ಇಲ್ದೆ ಬಂದಿವ್ನಿ. ಒಂಚೂರು ನಿನ್ನ ಕೈ ಇಟ್ಟು ನೋಡು."

ನಾನು ಅವಳ ಹೆಬ್ಬೆರಳು ನೋಡಿದೆ. ಅಷ್ಟು ವರ್ಷದಿಂದ ಹೆಬ್ಬೆರಳನ್ನೇ ಇಟ್ಟುಕೊಂಡು ಆಟ ಆಡಿದವನು ಇನ್ನೊಬ್ಬರ ಹೆಬ್ಬೆರಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಗೆರೆಗಳು ಇರಲಿಲ್ಲ. ಹುಣಸೆಹಣ್ಣು ಕುಟ್ಟಿ, ರಾಗಿ ಹೊಲದಲ್ಲಿ ಕಳೆ ಕಿತ್ತು, ತೆಂಗಿನ ಸೋಗೆ ಹೆಣೆದು ಸವೆದುಹೋಗಿದ್ದವು. ತುದಿ ನುಣ್ಣಗೆ, ನದಿಯ ಕಲ್ಲಿನ ಹಾಗಿತ್ತು. ಓದು ಬರಹ ಬರದವಳು. ಜೀವನ ಪೂರ್ತಿ ಎಲ್ಲ ಕಾಗದಕ್ಕೂ ಒತ್ತಿದ್ದು ಅದೇ ಹೆಬ್ಬೆಟ್ಟು.

ಪವಾಡದ ಹೆಸರಲ್ಲಿ ನಡೆಯುವುದನ್ನು ಪ್ರಶ್ನೆ ಮಾಡಿದ ದೊಡ್ಡವರು ನಮ್ಮಲ್ಲೇ ಇದ್ದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಕೇರಳದ ಬಸವ ಪ್ರೇಮಾನಂದ್ ಊರೂರು ತಿರುಗಿ, ಗಾಳಿಯಿಂದ ವಿಭೂತಿ ಬರಿಸುವುದು ಹೇಗೆ ಅಂತ ಮಾಡಿ ತೋರಿಸಿ, ಗುಟ್ಟನ್ನೂ ಹೇಳಿಕೊಡುತ್ತಿದ್ದರು. ಇವರ ಬಗ್ಗೆ ಓದಿದ್ದೆ, ಮೆಚ್ಚಿಕೊಂಡಿದ್ದೆ. ಆದರೆ ಅವರು ಪ್ರಶ್ನೆ ಮಾಡಿದ ಜಾಗದಲ್ಲಿ ನಾನೇ ನಿಲ್ಲುತ್ತೇನೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಮಕ್ಕಳಿಗೆ ಜಾದೂ ಅಂತಲೇ ಹೇಳಿದ್ದೆ. ಅಜ್ಜಿಗೆ ಅದು ಬೇರೆಯಾಗಿ ಕೇಳಿಸಿತ್ತು. ಅಕ್ಕಿ ಸಿಗದ ಮನುಷ್ಯರಿಗೆ ಬೇರೆಯಾಗಿಯೇ ಕೇಳಿಸುತ್ತದೆ.

ಹೆಬ್ಬೆರಳು ತೆಗೆದು ಅವಳ ಅಂಗೈಯಲ್ಲಿ ಇಟ್ಟೆ. ಒಳಗೆ ಉಳಿದಿದ್ದ ನಾಲ್ಕು ಹರಳು ಉಪ್ಪನ್ನೂ ಉದುರಿಸಿ ತೋರಿಸಿದೆ.

"ಮಾವ, ಹೇಳ್ಬಿಟ್ರಾ!" ಎಂದು ಅಕ್ಕನ ಮಗ ಹಣೆ ಚಚ್ಚಿಕೊಂಡ.

ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಗುರು ಕೆರೆದಳು. ಒಳಗೆ ಇಣುಕಿದಳು. ಅವಳಿಗೆ ಬೇಜಾರಾಗುತ್ತದೆ ಅಂತ ನಾನು ಕಾಯುತ್ತಿದ್ದೆ. ಹನ್ನೊಂದು ವರ್ಷದಲ್ಲಿ ನನಗಾದ ಹಾಗೆ ಅಳುವೂ ಬರಬಹುದು ಅನಿಸಿತು. ಅವಳು ಅದನ್ನು ತನ್ನ ಹೆಬ್ಬೆಟ್ಟಿಗೆ ಹಾಕಿಕೊಂಡಳು. ತುದಿಯನ್ನು ಕಣ್ಣ ಹತ್ತಿರ ತಂದಳು. "ಇದ್ಕೂ ಗೆರೆ ಇಲ್ವಲ್ಲೋ" ಅಂದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ಕೆಂಪಾಗಿ ಕಂಡಿತು.

ಮಾರನೇ ದಿನ ಬೆಳಿಗ್ಗೆ ಅವಳ ಜೊತೆ ಸೊಸೈಟಿಗೆ ಹೋದೆ. ಹೆಬ್ಬೆಟ್ಟೇ ಆಗಬೇಕು ಅಂತ ಏನಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ನಡೆಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈ ತೊಳೆಸಿದೆ, ಸೆರಗಲ್ಲಿ ಒರೆಸಿಕೊಂಡಳು. ಒಂದೊಂದೇ ಬೆರಳು ಇಟ್ಟೆವು. ಎಡಗೈಯ ಉಂಗುರದ ಬೆರಳನ್ನು ಮಿಷನ್ನು ಹಿಡಿಯಿತು. ಅಕ್ಕಿ ಚೀಲ ನಾನು ಹೊತ್ತೆ. ದಾರಿಯುದ್ದಕ್ಕೂ ಅವಳು ಆ ಬೆರಳನ್ನು ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದಳು. ಮನೆ ಹತ್ತಿರ ಬಂದಾಗ ಕೇಳಿದಳು, "ಆ ಬೆರಳು ನಂಗೇ ಕೊಟ್ಬಿಡ್ತೀಯಾ ಮಗ?"

ಕೊಟ್ಟೆ. ಕರ್ಚೀಫು ಕೊಡಲು ಹೋದರೆ ಬೇಡ ಅಂದಳು. ಹಳೆಯ ರವಿಕೆಯ ಕೆಂಪು ಚೂರು ಕತ್ತರಿಸಿಕೊಂಡಳು. ಜಗಲಿಯಲ್ಲಿ ಕೂತು ಹೇಗೆ ತುರುಕಬೇಕು ಅಂತ ಹೇಳಿಕೊಟ್ಟೆ. ಎರಡು ಸಲ ಬಿತ್ತು, ಮೂರನೇ ಸಲ ಸರಿಯಾಯಿತು. ಬೆರಳು ನೋಡಬೇಡ ಅಜ್ಜಿ ಅಂತ ನಾನು ಹೇಳಲು ಹೊರಟಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಸಂಜೆ ಹೊತ್ತು. ಅದೇ ಕಂಬದ ಹತ್ತಿರ ಅಜ್ಜಿ, ಎದುರಿಗೆ ಮರಿಮಗ, ನಾಲ್ಕು ವರ್ಷದವನು. ಅವಳು ಅವನನ್ನು ಮಾತಾಡಿಸುತ್ತಲೇ ಬಟ್ಟೆ ಚೂರನ್ನು ಮುಷ್ಟಿಗೆ ತುರುಕುತ್ತಿದ್ದಳು. ಊಟ ಮಾಡ್ದೇನೋ? ಕರ ಹಾಲು ಕುಡಿತಾ? ಹುಡುಗ ಅವಳ ಮುಖವನ್ನೇ ನೋಡುತ್ತಾ ಉತ್ತರ ಹೇಳುತ್ತಿದ್ದ. ಕೈ ಬಿಚ್ಚಿದಳು. ಹುಡುಗ ಅವಳ ಎರಡೂ ಅಂಗೈ ಹಿಡಿದು ಹುಡುಕಿದ, ಸೆರಗು ಎಳೆದು ಹುಡುಕಿದ, ಕಂಬದ ಹಿಂದೆ ಹೋಗಿ ಹುಡುಕಿದ.

ಅವನು ಅತ್ತ ಹೋದಾಗ ಅವಳು ಹೆಬ್ಬೆರಳು ತೆಗೆದು ಎಲೆಯಡಿಕೆ ಚೀಲಕ್ಕೆ ಹಾಕಿದಳು. ನಾನು ಒಮ್ಮೆ ಕೇಳಿ ತೆಗೆದುಕೊಂಡು ನೋಡಿದೆ. ಸುಣ್ಣ, ಅಡಿಕೆ, ಹೊಗೆಸೊಪ್ಪಿನ ಜೊತೆ ಅಷ್ಟು ತಿಂಗಳು ಇದ್ದು ಅದರ ಗುಲಾಬಿ ಪೂರ್ತಿ ಹೋಗಿತ್ತು. ಕಂದು ಹಿಡಿದಿತ್ತು. ಅವಳ ಹೆಬ್ಬೆಟ್ಟಿನ ಪಕ್ಕ ಇಟ್ಟರೆ ಯಾವುದು ಯಾವುದು ಅಂತ ಆ ಸಂಜೆ ಬೆಳಕಿನಲ್ಲಿ ನನಗೂ ತಕ್ಷಣ ಗೊತ್ತಾಗಲಿಲ್ಲ.